ಯಕೃತ್ತಿನ ಕಸಿ: ಶಸ್ತ್ರಚಿಕಿತ್ಸೆಗೆ ಮುನ್ನ ನಡೆಯುವ ಪರಿಶೀಲನೆ

ಜನಸಾಮಾನ್ಯರು ಲಿವರ್ ಎಂದೇ ಕರೆಯುವ ಯಕೃತ್ತು ಅಥವಾ ಪಿತ್ತಜನಕಾಂಗವು ಮತ್ತೆ ಚೇತರಿಸಿಕೊಳ್ಳಲಾರದಷ್ಟು ಕೆಟ್ಟಾಗ, ಬೇರೊಬ್ಬರ ಯಕೃತ್ತನ್ನು ಕಸಿ ಮಾಡುವುದು ಉಳಿಯುವ ಕೊನೆಯ ಚಿಕಿತ್ಸೆ. 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಅವರು ಮೊದಲ ಬಾರಿಗೆ ಕೈಗೊಂಡ ಈ ಶಸ್ತ್ರಚಿಕಿತ್ಸೆ ಭಾರತದಲ್ಲಿ ಯಶಸ್ಸು ಕಂಡದ್ದು 1998ರಲ್ಲಿ. ಆ ವರ್ಷ ದೆಹಲಿಯಲ್ಲಿ ತಂದೆಯೊಬ್ಬರ ಯಕೃತ್ತಿನ ಭಾಗವನ್ನು ಅವರ ಪುಟ್ಟ ಮಗುವಿಗೆ ಜೋಡಿಸಲಾಯಿತು.

ವೈದ್ಯರು ಕಸಿಯ ಮಾತನ್ನೆತ್ತಿದೊಡನೆ ಶಸ್ತ್ರಚಿಕಿತ್ಸೆಯ ದಿನ ನಿಶ್ಚಯವಾಯಿತೆಂದು ತಿಳಿಯಬಾರದು. ಅದಕ್ಕೆ ಮುನ್ನ ಕೆಲವು ದಿನಗಳ ವಿಸ್ತೃತ ಪರಿಶೀಲನೆ ನಡೆಯುತ್ತದೆ. ಅನೇಕ ಕುಟುಂಬಗಳು ಇದನ್ನು ಶಾಲೆಯ ಪರೀಕ್ಷೆಯಂತೆ ಭಾವಿಸಿ, ಹೇಗಾದರೂ ತೇರ್ಗಡೆಯಾಗಬೇಕೆಂಬ ಆತಂಕದಲ್ಲಿ ಕೆಲವು ಸಂಗತಿಗಳನ್ನು ಮುಚ್ಚಿಡುವುದುಂಟು. ರೋಗಿಗೆ ಅಪಾಯ ಒದಗುವುದು ಇಲ್ಲಿಯೇ.

ಪರಿಶೀಲನೆಯ ಹಿಂದೆ ಇರುವ ಪ್ರಶ್ನೆಗಳು ಎರಡು. ಈ ರೋಗಿಗೆ ಕಸಿ ಈಗಲೇ ಅಗತ್ಯವೇ? ಅಗತ್ಯವಾದರೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯನ್ನು ಅವನ ದೇಹ ತಾಳಬಲ್ಲುದೇ? ಮೊದಲ ಪ್ರಶ್ನೆಗೆ ಉತ್ತರಿಸಲು ರಕ್ತದಲ್ಲಿನ ಬಿಲಿರುಬಿನ್, ಕ್ರಿಯಾಟಿನಿನ್ ಮೊದಲಾದವುಗಳ ಪ್ರಮಾಣ ಹಾಗೂ ರಕ್ತ ಹೆಪ್ಪುಗಟ್ಟುವ ವೇಗವನ್ನು ಆಧರಿಸಿ 'ಮೆಲ್ಡ್' ಎಂಬ ಅಂಕವನ್ನು ಲೆಕ್ಕ ಹಾಕುತ್ತಾರೆ. ಇದು 6ರಿಂದ 40ರವರೆಗೆ ಇರುತ್ತದೆ. ಅಂಕ ಹೆಚ್ಚಿದಷ್ಟೂ ರೋಗ ತೀವ್ರವೆಂದು ಅರ್ಥ. ಸಾಮಾನ್ಯವಾಗಿ 15 ಅಥವಾ ಅದಕ್ಕಿಂತ ಹೆಚ್ಚು ಅಂಕವಿದ್ದವರಿಗೆ ಕಸಿಯಿಂದ ಪ್ರಯೋಜನವುಂಟು. ಅದಕ್ಕಿಂತ ಕಡಿಮೆ ಇದ್ದಾಗ ರೋಗಕ್ಕಿಂತ ಶಸ್ತ್ರಚಿಕಿತ್ಸೆಯ ಅಪಾಯವೇ ದೊಡ್ಡದಾಗಬಹುದು. "ಇನ್ನೂ ಸಮಯವಿದೆ" ಎಂದು ವೈದ್ಯರು ಹೇಳಿದರೆ ಅದನ್ನು ನಿರಾಕರಣೆಯೆಂದು ಭಾವಿಸಬೇಕಾಗಿಲ್ಲ. ಯಕೃತ್ತಿನ ಕ್ಯಾನ್ಸರ್ ಇದ್ದವರ ವಿಷಯ ಬೇರೆ. ಅಲ್ಲಿ ಗಂಟಿನ ಗಾತ್ರ ಮುಖ್ಯ. 1996ರಲ್ಲಿ ಪ್ರಕಟವಾದ ಮಿಲಾನ್ ಮಾನದಂಡದ ಪ್ರಕಾರ 5 ಸೆಂಟಿಮೀಟರ್ ಮೀರದ ಒಂದೇ ಗಂಟು ಅಥವಾ ತಲಾ 3 ಸೆಂಟಿಮೀಟರ್ ಮೀರದ ಗರಿಷ್ಠ ಮೂರು ಗಂಟುಗಳಿದ್ದು, ರೋಗವು ರಕ್ತನಾಳಗಳಿಗಾಗಲಿ ಇತರ ಅಂಗಗಳಿಗಾಗಲಿ ಹರಡಿರಬಾರದು.

ಎರಡನೆಯ ಪ್ರಶ್ನೆಗಾಗಿ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ತಪಾಸಣೆ, ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿ ಮುಂತಾದವು ನಡೆಯುತ್ತವೆ. ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ, ಕ್ಷಯಗಳಿಗಾಗಿಯೂ ಪರೀಕ್ಷಿಸುತ್ತಾರೆ. ಹಲ್ಲಿನ ವೈದ್ಯರ ಬಳಿಗೂ ಕಳುಹಿಸಿದಾಗ ರೋಗಿಗಳಿಗೆ ಆಶ್ಚರ್ಯವಾಗುವುದು ಸಹಜ. ಕಸಿಯ ನಂತರ, ಹೊಸ ಅಂಗವನ್ನು ದೇಹವು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಆಗ ಹುಳುಕು ಹಲ್ಲಿನ ಸಣ್ಣ ಸೋಂಕೂ ಇಡೀ ದೇಹಕ್ಕೆ ವ್ಯಾಪಿಸಬಹುದು. ಅಗತ್ಯ ಲಸಿಕೆಗಳನ್ನು ಮುಂಚಿತವಾಗಿಯೇ ಹಾಕುವುದೂ ಇದೇ ಕಾರಣಕ್ಕಾಗಿ.

ಮದ್ಯಪಾನದ ಪ್ರಶ್ನೆ ಬಂದಾಗ ಮನೆಯವರು ಮುಜುಗರಪಡುತ್ತಾರೆ. ಮನೋವೈದ್ಯರು ಅಥವಾ ಸಮಾಜ ಕಾರ್ಯಕರ್ತರು ಇದನ್ನು ಕೇಳುವುದು ದೋಷಾರೋಪಣೆಗಾಗಿ ಅಲ್ಲ. ಅನೇಕ ಕೇಂದ್ರಗಳು ಸುಮಾರು ಆರು ತಿಂಗಳ ಸಂಪೂರ್ಣ ವರ್ಜನೆಯನ್ನು ಅಪೇಕ್ಷಿಸುತ್ತವೆ. ಕುಡಿತ ನಿಂತ ಮೇಲೆ ಕೆಲವರ ಯಕೃತ್ತು ಕಸಿಯ ಅಗತ್ಯವೇ ಇಲ್ಲದಷ್ಟು ಸುಧಾರಿಸುವುದೂ ಉಂಟು. ಸೇವಿಸುತ್ತಿರುವ ನಾಟಿ ಔಷಧ, ಗಿಡಮೂಲಿಕೆಗಳ ವಿವರವನ್ನೂ ತಪ್ಪದೆ ತಿಳಿಸಬೇಕು.

ನಮ್ಮ ದೇಶದಲ್ಲಿ ನಡೆಯುವ ಯಕೃತ್ತಿನ ಕಸಿಗಳಲ್ಲಿ ಹೆಚ್ಚಿನವು ಜೀವಂತ ದಾನಿಗಳಿಂದ ಆಗುವಂಥವು. ಆದ್ದರಿಂದ ಆರೋಗ್ಯವಂತನಾದ ಇನ್ನೊಬ್ಬ ವ್ಯಕ್ತಿಯೂ ಅಷ್ಟೇ ಕೂಲಂಕಷವಾದ ಪರಿಶೀಲನೆಗೆ ಒಳಗಾಗುತ್ತಾನೆ. ದಾನಿಗೆ 18 ವರ್ಷ ತುಂಬಿರಬೇಕು. ರಕ್ತದ ಗುಂಪು ಹೊಂದಬೇಕು. ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿದ್ದರೆ ಮೊದಲು ತೂಕ ಇಳಿಸಿಕೊಂಡು ಬರಲು ಸೂಚಿಸುತ್ತಾರೆ. ರೋಗಿಗೆ ದೊರೆಯುವ ಭಾಗವು ಅವನ ದೇಹತೂಕದ ಸುಮಾರು ಶೇಕಡಾ 0.8ರಷ್ಟು, ಅಂದರೆ 60 ಕಿಲೋ ತೂಗುವವನಿಗೆ 480 ಗ್ರಾಂನಷ್ಟು ಇರಬೇಕೆಂಬುದು ರೂಢಿಯ ಲೆಕ್ಕ. ದಾನಿಯಲ್ಲಿ ಕನಿಷ್ಠ ಶೇಕಡಾ 30ರಷ್ಟಾದರೂ ಉಳಿಯಬೇಕು. ಉಳಿದ ಭಾಗ ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಬೆಳೆದುಕೊಳ್ಳುತ್ತದೆ. ಹಾಗೆಂದು ದಾನಿಗೆ ಅಪಾಯವೇ ಇಲ್ಲವೆಂದು ಹೇಳುವುದು ಸರಿಯಲ್ಲ. ವಿರಳವಾದರೂ ದಾನಿಗಳು ಮರಣಹೊಂದಿದ ನಿದರ್ಶನಗಳಿವೆ.

ಭಾರತದಲ್ಲಿ ಜೀವಂತ ದಾನಿಗಳ ಪೈಕಿ ಮಹಿಳೆಯರ ಸಂಖ್ಯೆಯೇ ಹೆಚ್ಚು ಎಂಬುದು ಗಮನಾರ್ಹ. ಪ್ರೀತಿಯಿಂದ ಮುಂದೆ ಬರುವವರಂತೆಯೇ, ಹಿರಿಯರ ಮಾತನ್ನು ಮೀರಲಾರದೆ ಒಪ್ಪಿದವರೂ ಇರಬಹುದು. ಈ ಕಾರಣದಿಂದ ದಾನಿಯನ್ನು ಕುಟುಂಬದವರಿಂದ ಪ್ರತ್ಯೇಕವಾಗಿ ಕೂರಿಸಿ ಮಾತನಾಡಿಸುವ ಪದ್ಧತಿಯಿದೆ. ಆಗ ದಾನಿಯು ಮನಸ್ಸಿಲ್ಲವೆಂದರೆ, ಅನೇಕ ಕೇಂದ್ರಗಳು ಮನೆಯವರಿಗೆ "ದಾನಿ ವೈದ್ಯಕೀಯವಾಗಿ ಯೋಗ್ಯರಲ್ಲ" ಎಂದಷ್ಟೇ ತಿಳಿಸುತ್ತವೆ, ಕಾರಣವನ್ನು ಬಹಿರಂಗಪಡಿಸುವುದಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವವರೆಗೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ದಾನಿಗೆ ಅವಕಾಶವಿದೆ. ಒಪ್ಪಿಗೆ ಪತ್ರವು ಹಿಂದಿ, ತಮಿಳು ಅಥವಾ ಇಂಗ್ಲಿಷಿನಲ್ಲಿದ್ದು, ದಾನಿಗೆ ಕನ್ನಡವಷ್ಟೇ ತಿಳಿದಿದ್ದರೆ, ಅದನ್ನು ಕನ್ನಡದಲ್ಲಿ ಓದಿ ವಿವರಿಸಿದ ನಂತರವೇ ಸಹಿ ಮಾಡುವುದು ಉಚಿತ. ವಿವರಿಸುವವರು ರೋಗಿಯ ಬಂಧುಗಳಾಗದಿರುವುದು ಒಳ್ಳೆಯದು.

1994ರ ಮಾನವ ಅಂಗಾಂಗ ಕಸಿ ಕಾಯಿದೆ ಮತ್ತು ಅದರ 2011ರ ತಿದ್ದುಪಡಿಯ ಪ್ರಕಾರ ಪತಿ ಅಥವಾ ಪತ್ನಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ ಹಾಗೂ ಮೊಮ್ಮಕ್ಕಳು ಮಾತ್ರ ಸಮೀಪದ ಬಂಧುಗಳು. ಸೊಸೆ, ಅಳಿಯ, ಸೋದರಮಾವ, ಚಿಕ್ಕಪ್ಪ ಮುಂತಾದವರು ಮನೆಯವರೇ ಆದರೂ ಈ ಪಟ್ಟಿಯಲ್ಲಿಲ್ಲ. ಅವರು ದಾನ ಮಾಡಬೇಕಾದರೆ ಅಧಿಕಾರ ನೀಡುವ ಸಮಿತಿಯ ಅನುಮತಿ ಅವಶ್ಯಕ. ಅಂಗಾಂಗಗಳಿಗಾಗಿ ಹಣ ಕೊಡುವುದಕ್ಕೂ ಪಡೆಯುವುದಕ್ಕೂ 5ರಿಂದ 10 ವರ್ಷಗಳ ಕಾರಾಗೃಹವಾಸ ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಂಬಂಧವನ್ನು ರುಜುವಾತುಪಡಿಸುವ ದಾಖಲೆಗಳಲ್ಲಿ ಹೆಸರುಗಳು ಒಂದೇ ರೀತಿ ಇವೆಯೇ ಎಂದು ಮೊದಲೇ ನೋಡಿಕೊಂಡರೆ ವೃಥಾ ಅಲೆದಾಟ ತಪ್ಪುತ್ತದೆ.

ಎಲ್ಲ ವರದಿಗಳೂ ಬಂದ ಮೇಲೆ ಯಕೃತ್ ತಜ್ಞರು, ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು ಮೊದಲಾದವರು ಕೂಡಿ ತೀರ್ಮಾನ ಕೈಗೊಳ್ಳುತ್ತಾರೆ. ಕಸಿ ಸಾಧ್ಯವಿಲ್ಲವೆಂಬ ತೀರ್ಮಾನ ಬಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಮತ್ತೊಂದು ಕೇಂದ್ರದ ಅಭಿಪ್ರಾಯ ಪಡೆಯಬಹುದು. ಮನೆಯಲ್ಲಿ ಯೋಗ್ಯ ದಾನಿ ಇಲ್ಲದವರು ಮೃತ ದಾನಿಯ ಅಂಗಕ್ಕಾಗಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬೇಕು. ಇದಕ್ಕೆ ಆಯಾ ರಾಜ್ಯದ ನಿವಾಸಿಯೇ ಆಗಿರಬೇಕೆಂಬ ನಿಬಂಧನೆಯನ್ನೂ ನೋಂದಣಿ ಶುಲ್ಕವನ್ನೂ ಕೈಬಿಡುವಂತೆ ಕೇಂದ್ರ ಸರ್ಕಾರವು 2023ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಸರದಿಯಲ್ಲಿರುವವರಿಗೆ ಕರೆ ಯಾವ ಹೊತ್ತಿನಲ್ಲಾದರೂ ಬರಬಹುದಾದ್ದರಿಂದ ದೂರವಾಣಿ ಸಂಖ್ಯೆ ಬದಲಾದರೆ ಆಸ್ಪತ್ರೆಯ ಕಸಿ ಸಂಯೋಜಕರಿಗೆ ಅಂದೇ ತಿಳಿಸತಕ್ಕದ್ದು. ಊರಿಗೆ ಹೋಗುವಾಗಲೂ ಅವರಿಗೆ ಹೇಳಿ ಹೋಗಬೇಕು.