ಆಚಂದ್ರಾರ್ಕದ ಪುಣ್ಯ ಮತ್ತು ಅದರಾಚೆಯ ಮುಕ್ತಿ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹೊಯ್ಸಳರ ಕಾಲದ ದಾನಶಾಸನಗಳು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಸಾಗುತ್ತವೆ. ಅರಸನ ಬಿರುದುಗಳು, ದಾನಿಯ ವಂಶ, ಕೊಟ್ಟ ಭೂಮಿಯ ಎಲ್ಲೆ, ದೇವರ ಅಂಗಭೋಗಕ್ಕೂ ದೇಗುಲದ ಜೀರ್ಣೋದ್ಧಾರಕ್ಕೂ ಬಿಟ್ಟ ಪಾಲು ಇವೆಲ್ಲ ಮುಗಿದ ಮೇಲೆ, ಈ ಧರ್ಮವನ್ನು ಕಾಯ್ದವರಿಗೆ ವಾರಾಣಸಿಯಲ್ಲಿ ಸಾವಿರ ಕವಿಲೆಗಳನ್ನು ದಾನ ಮಾಡಿದ ಫಲವೂ ಕೆಡಿಸಿದವರಿಗೆ ಅಷ್ಟೇ ಕವಿಲೆಗಳನ್ನು ಕೊಂದ ಪಾಪವೂ ಬರುವುದೆಂಬ ಮಾತು ಬರುತ್ತದೆ. ದಾನವು ನಡೆಯಬೇಕಾದ ಅವಧಿ ಆಚಂದ್ರಾರ್ಕ, ಅಂದರೆ ಚಂದ್ರಸೂರ್ಯರು ಇರುವಷ್ಟು ಕಾಲ. ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವನ್ನು ಹೊರತಂದಾಗ ಈ ಸೀಮೆಯೂ ಶೃಂಗೇರಿ ಜಾಗೀರೂ ಒಂದೇ ಕಡೂರು ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಪುಣ್ಯವನ್ನು ಬಯಸಿ ಕಲ್ಲು ನೆಟ್ಟವರ ದಾಖಲೆಗಳೂ, ಪುಣ್ಯವೂ ಒಂದು ಬಂಧನವೇ ಎಂದು ಬೋಧಿಸಿದ ಪರಂಪರೆಯ ದಾಖಲೆಗಳೂ ಒಂದೇ ಸಂಪುಟದೊಳಗೆ ಸೇರಿಕೊಂಡವು.

ಮೊದಲನೆಯ ಬಗೆಗೆ ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದ ತೆರೆದ ಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಫಲಕಗಳೂ ಉತ್ತರಕ್ಕೆ ಕೃಷ್ಣಕಥೆಯ 25 ಮತ್ತು ಮಹಾಭಾರತದ 45 ಫಲಕಗಳೂ ಇವೆ. ಶಾಸ್ತ್ರದ ಭಾಷೆಯಲ್ಲಿ ಇಂಥ ಕೆಲಸಕ್ಕೆ ಪೂರ್ತವೆಂದು ಹೆಸರು. ಅಗ್ನಿಯಲ್ಲಿ ಮಾಡುವ ಯಜ್ಞಯಾಗಗಳು ಇಷ್ಟ; ಕೆರೆ, ಬಾವಿ, ದೇಗುಲ, ತೋಪು, ಅನ್ನಸತ್ರಗಳು ಪೂರ್ತ. ಮಳೆ ಕಡಿಮೆಯಾದ ಕಡೂರಿನ ಬಯಲಿನಲ್ಲಿ ಅಯ್ಯನಕೆರೆ, ಮದಗದಕೆರೆಗಳಂಥ ಜಲಾಶಯಗಳ ನೀರನ್ನು ನೆಚ್ಚಿ ಬೆಳೆ ತೆಗೆದ ಜನರಿಗೆ ಪೂರ್ತಧರ್ಮದ ಮಹಿಮೆಯನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಇಂದು ಮಾಡಿದ ಕರ್ಮ ಇಂದೇ ಮುಗಿದುಹೋಗುವಾಗ, ಅದರ ಫಲ ಎಷ್ಟೋ ಕಾಲದ ಮೇಲೆ, ದೇಹ ಬಿದ್ದ ನಂತರ, ದೊರೆಯುವುದು ಹೇಗೆ? ಜೈಮಿನಿಯ ಸೂತ್ರಗಳನ್ನು ಆಧರಿಸಿದ ಪೂರ್ವಮೀಮಾಂಸೆಯು ಇದಕ್ಕೆ ಕೊಟ್ಟ ಉತ್ತರ ಅಪೂರ್ವ, ಅಂದರೆ ಕರ್ಮ ಮುಗಿದರೂ ಉಳಿದು ಫಲ ಬರುವವರೆಗೆ ಕಾಯುವ ಕಾಣದ ಶಕ್ತಿ. ಫಲ ಕೊಡಲು ನಡುವೆ ದೇವರೊಬ್ಬನು ನಿಲ್ಲಬೇಕೆಂದು ಆ ದರ್ಶನ ಕೇಳುವುದಿಲ್ಲ. ವೇದದ ವಿಧಿಯೇ ಅಲ್ಲಿ ಸಾಕು. ಕರ್ಮಗಳನ್ನು ಅದು ಸಂಧ್ಯಾವಂದನೆಯಂಥ ನಿತ್ಯ, ಗ್ರಹಣಸ್ನಾನದಂತೆ ನಿಮಿತ್ತ ಒದಗಿದಾಗ ಮಾಡುವ ನೈಮಿತ್ತಿಕ, ಸ್ವರ್ಗವನ್ನೋ ಸಂತಾನವನ್ನೋ ಬಯಸಿ ಮಾಡುವ ಕಾಮ್ಯ, ಮಾಡಲೇಬಾರದ ನಿಷಿದ್ಧ ಎಂದು ವಿಂಗಡಿಸುತ್ತದೆ. ನಿತ್ಯಕರ್ಮವನ್ನು ಮಾಡುವುದಾದರೂ ಏಕೆಂಬಲ್ಲಿ ಮೀಮಾಂಸಕರೊಳಗೇ ಒಡಕಿದೆ. ಪ್ರಯೋಜನವಿಲ್ಲದೆ ಯಾರೂ ಕೆಲಸಕ್ಕೆ ಕೈಹಾಕುವುದಿಲ್ಲವಾದ್ದರಿಂದ ಅದಕ್ಕೂ ಪಾಪನಿವಾರಣೆಯ ಫಲವಿದೆಯೆಂಬುದು ಕುಮಾರಿಲಭಟ್ಟನ ಪಕ್ಷ. ಮಾಡಬೇಕೆಂಬ ವಿಧಿಯ ಅರಿವೇ ಮನುಷ್ಯನನ್ನು ತೊಡಗಿಸಲು ಸಾಕು, ಕರ್ತವ್ಯಕ್ಕೆ ಬೇರೆ ಕಾರಣ ಬೇಡವೆಂಬುದು ಪ್ರಭಾಕರನ ಪಕ್ಷ. ತರ್ಕಕ್ಕೆ ಎರಡನೆಯದು ಹೆಚ್ಚು ನಿಷ್ಠುರ, ಬಾಳಿಗೆ ಮೊದಲನೆಯದು ಹೆಚ್ಚು ಹತ್ತಿರ ಎನ್ನಬಹುದು. ನಮ್ಮ ಶಾಸನಗಳ ದಾನಿಗಳಂತೂ ಕುಮಾರಿಲನ ಕಡೆಯವರು.

ಶಂಕರಾಚಾರ್ಯರ ಆಕ್ಷೇಪ ಆಚಂದ್ರಾರ್ಕವೆಂಬ ಅವಧಿಯನ್ನೇ ತಟ್ಟುತ್ತದೆ. ಕ್ರಿಯೆಯಿಂದ ದೊರೆಯುವ ಯಾವುದೇ ಫಲ ನಾಲ್ಕರಲ್ಲಿ ಒಂದಾಗಿರಬೇಕು: ಮಡಕೆಯಂತೆ ಹೊಸದಾಗಿ ಹುಟ್ಟುವಂಥದು, ಊರಿನಂತೆ ಹೋಗಿ ಸೇರುವಂಥದು, ಹಾಲು ಮೊಸರಾದಂತೆ ಮಾರ್ಪಡುವಂಥದು, ಕನ್ನಡಿಯನ್ನು ಒರೆಸಿದಂತೆ ಸಂಸ್ಕಾರಗೊಳ್ಳುವಂಥದು. ಮೋಕ್ಷವು ಹೊಸದಾಗಿ ಹುಟ್ಟಿದರೆ ಅಥವಾ ಮಾರ್ಪಾಡಿನಿಂದ ಬಂದರೆ ಒಂದು ದಿನ ಅಳಿಯಬೇಕಾಗುತ್ತದೆ; ಅದು ತನ್ನ ಸ್ವರೂಪವೇ ಆದ್ದರಿಂದ ಹೋಗಿ ಸೇರಬೇಕಾದ ಸ್ಥಳವಲ್ಲ; ಆತ್ಮನಲ್ಲಿ ಕೂಡಿಸಬೇಕಾದ ಗುಣವಾಗಲಿ ಕಳೆಯಬೇಕಾದ ಕೊಳೆಯಾಗಲಿ ನಿಜವಾಗಿ ಇಲ್ಲದಿರುವುದರಿಂದ ಅದು ಸಂಸ್ಕಾರವೂ ಅಲ್ಲ. ಚಂದ್ರಸೂರ್ಯರಿರುವವರೆಗೆ ನಿಲ್ಲುವ ಫಲವೂ ಕಾಲದ ಲೆಕ್ಕದೊಳಗಿನದೇ. ಬಂಧನಕ್ಕೆ ಮೂಲ ಅಜ್ಞಾನವಾಗಿದ್ದರೆ ಅದನ್ನು ಕಳೆಯಬಲ್ಲದ್ದು ಜ್ಞಾನವೇ ಹೊರತು ಮತ್ತೊಂದು ಕೆಲಸವಲ್ಲ.

ಈ ವಾದವನ್ನು ಕೊನೆಯವರೆಗೆ ಎಳೆದು ನಿಲ್ಲಿಸಿದವರು, ಶೃಂಗೇರಿಯ ಪರಂಪರೆಯು ಶಂಕರರ ನಂತರದ ಪೀಠಾಧಿಪತಿಯೆಂದು ಗೌರವಿಸುವ ಸುರೇಶ್ವರಾಚಾರ್ಯರು. ಅವರ 'ನೈಷ್ಕರ್ಮ್ಯಸಿದ್ಧಿ'ಯ ಆರಂಭದಲ್ಲಿ ಎದುರಾಗುವ ಮೀಮಾಂಸಕನ ಯೋಜನೆ ನಿಜಕ್ಕೂ ಜಾಣತನದ್ದು. ಕಾಮ್ಯವನ್ನು ಬಿಟ್ಟರೆ ಸ್ವರ್ಗವಿಲ್ಲ, ನಿಷಿದ್ಧವನ್ನು ಬಿಟ್ಟರೆ ನರಕವಿಲ್ಲ, ನಿತ್ಯನೈಮಿತ್ತಿಕಗಳನ್ನು ತಪ್ಪದೆ ಮಾಡಿದರೆ ಬಿಟ್ಟ ದೋಷವಿಲ್ಲ, ಈಗಾಗಲೇ ಫಲ ಕೊಡತೊಡಗಿದ ಕರ್ಮ ಅನುಭವದಿಂದ ತೀರುತ್ತದೆ. ಮರುಹುಟ್ಟಿಗೆ ಬಂಡವಾಳವೇ ಉಳಿಯದ ಮೇಲೆ ಆತ್ಮಜ್ಞಾನದ ಗೊಡವೆಯೇಕೆ? ಲೆಕ್ಕ ಎಲ್ಲಿ ತಪ್ಪುತ್ತದೆಂದು ಸುರೇಶ್ವರರು ತೋರಿಸುತ್ತಾರೆ. ಎಣಿಕೆಗೆ ಸಿಗದ ಹಿಂದಿನ ಜನ್ಮಗಳಲ್ಲಿ ಕೂಡಿಟ್ಟ, ಒಂದಕ್ಕೊಂದು ವಿರುದ್ಧವಾದ ಫಲಗಳುಳ್ಳ ಕರ್ಮಗಳೆಲ್ಲ ಒಂದೇ ದೇಹದಲ್ಲಿ ತೀರುವುದು ಸಾಧ್ಯವಿಲ್ಲ, ಮತ್ತು 'ನಾನು ಮಾಡುವವನು' ಎಂಬ ಭಾವ ಇರುವವರೆಗೆ ಹೊಸ ಕರ್ಮದ ಬಾಗಿಲು ಮುಚ್ಚುವುದೂ ಇಲ್ಲ. ಮಂಡನಮಿಶ್ರನೇ ಸನ್ಯಾಸ ಪಡೆದು ಸುರೇಶ್ವರನಾದನೆಂಬುದು ಸಂಪ್ರದಾಯದ ಕಥೆ. ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು 1923ರಲ್ಲಿ ಇಬ್ಬರ ಸಿದ್ಧಾಂತಗಳನ್ನು ಹೋಲಿಸಿ ಈ ಐಕ್ಯವನ್ನು ಪ್ರಶ್ನಿಸಿದರು. ಮಂಡನನ 'ಬ್ರಹ್ಮಸಿದ್ಧಿ'ಯಲ್ಲಿ ಗೃಹಸ್ಥನ ಕರ್ಮಕ್ಕೂ ಪುನಃಪುನಃ ಮಾಡುವ ಧ್ಯಾನಕ್ಕೂ ಇರುವ ಸ್ಥಾನವನ್ನು ನೋಡಿದವರಿಗೆ ಹಿರಿಯಣ್ಣನವರ ಅನುಮಾನ ಬಲವಾದದ್ದೆಂದೇ ತೋರುತ್ತದೆ.

ಹಾಗೆಂದು ಸುರೇಶ್ವರರು ಕೆರೆಕಟ್ಟೆಗಳನ್ನೂ ಸಂಧ್ಯಾವಂದನೆಯನ್ನೂ ತಳ್ಳಿಹಾಕಿದರೆಂದು ತಿಳಿಯುವುದು ತಪ್ಪಾದೀತು. ಫಲವನ್ನು ಬಯಸದೆ ಮಾಡಿದ ಕರ್ಮ ಚಿತ್ತವನ್ನು ತಿಳಿಯಾಗಿಸುತ್ತದೆ, ತಿಳಿಯಾದ ಚಿತ್ತದಲ್ಲಿ ಅರಿಯುವ ಹಂಬಲ ಹುಟ್ಟುತ್ತದೆ, ಅಲ್ಲಿಗೆ ಕರ್ಮದ ಕೆಲಸ ಮುಗಿಯುತ್ತದೆ. ಕರ್ಮವನ್ನು ಜ್ಞಾನದ ಜೊತೆಯಲ್ಲೇ ಕೊನೆಯವರೆಗೆ ಒಯ್ಯಬೇಕೆಂದು ಭಾಸ್ಕರನೂ, ಅದು ಭಕ್ತಿರೂಪವಾದ ಉಪಾಸನೆಯ ಅಂಗವಾಗಿ ಬದುಕಿರುವವರೆಗೂ ನಡೆಯಬೇಕೆಂದು ರಾಮಾನುಜಾಚಾರ್ಯರೂ ಹೇಳಿದರು. ವಿಜಯನಗರದ ಆರಂಭದ ದಿನಗಳಲ್ಲಿ, 1346ರಲ್ಲಿ, ಹರಿಹರನೂ ಅವನ ಸಹೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿಯನ್ನು ಬಿಟ್ಟದ್ದು ಸಹ ಕರ್ಮವೇ. ಕರ್ಮದಿಂದ ಮುಕ್ತಿಯಿಲ್ಲವೆಂದು ಬೋಧಿಸುವ ಮಠ ನಿಂತದ್ದು ಪುಣ್ಯಾರ್ಥಿಗಳ ದಾನದ ಮೇಲೆ. ಅದೇ ಕಾಲದ ಮಾಧವಾಚಾರ್ಯರು 'ಜೈಮಿನೀಯ ನ್ಯಾಯಮಾಲಾ'ದಲ್ಲಿ ಯಜ್ಞವಿಚಾರದ ಅಧಿಕರಣಗಳನ್ನೆಲ್ಲ ಸಂಗ್ರಹಿಸಿದರೆ, ವಿದ್ಯಾರಣ್ಯರು 'ಜೀವನ್ಮುಕ್ತಿವಿವೇಕ'ದಲ್ಲಿ ಅರಿಯಲೆಂದು ಕೊಳ್ಳುವ ಸನ್ಯಾಸವನ್ನೂ ಅರಿತ ಮೇಲೆ ಕೊಳ್ಳುವ ಸನ್ಯಾಸವನ್ನೂ ಬೇರ್ಪಡಿಸಿದರು. ಇಬ್ಬರೂ ಒಬ್ಬರೇ ಎಂಬುದು ಮಠದ ನಂಬಿಕೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇನ್ನು ಅಮೃತಾಪುರದ ಶಾಸನದ ಕವಿಯ ವಿಚಾರ. ಶಿವಾಲಯದ ಆ ಶಾಸನವನ್ನು ರಚಿಸಿದವನು ಜೈನನಾದ ಜನ್ನ. ಮುಂದೆ 1209ರಲ್ಲಿ ಅವನು ಬರೆದ 'ಯಶೋಧರಚರಿತೆ'ಯಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು, ಜೀವವಿರುವ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ, ಮತ್ತು ಕೊಲ್ಲುವ ಸಂಕಲ್ಪ ಮಾತ್ರದಿಂದಲೇ ತಾಯಿಮಗನಿಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಯಜ್ಞದ ಹಿಂಸೆ ವಿಧಿಯಿಂದ ಬಂದದ್ದಾದ್ದರಿಂದ ಅಧರ್ಮವಲ್ಲವೆಂದು ಮೀಮಾಂಸಕರು ವಾದಿಸಿದ್ದರು, ಶಂಕರರೂ ಅದನ್ನು ಒಪ್ಪಿದ್ದರು. ಮಾಧ್ವರು ಹಿಟ್ಟಿನ ಪಶುವನ್ನೇ ಯಜ್ಞಕ್ಕೆ ಸಮ್ಮತವೆಂದು ಸ್ವೀಕರಿಸಿದರು. ಒಬ್ಬರಿಗೆ ಪರಿಹಾರವಾಗಿ ಕಂಡ ಹಿಟ್ಟೇ ಇನ್ನೊಬ್ಬರಿಗೆ ಪಾಪದ ಸಾಕ್ಷಿಯಾಯಿತು. ಕಟ್ಟುವುದು ಕೈಯ ಕೆಲಸಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಸಂಕಲ್ಪವೆಂಬಲ್ಲಿ ಜನ್ನನೂ ಸುರೇಶ್ವರರೂ ಹತ್ತಿರ ಬರುತ್ತಾರೆ, ಆದರೆ ಕಟ್ಟನ್ನು ಬಿಚ್ಚುವ ಬಗೆಯಲ್ಲಿ ದೂರವಾಗುತ್ತಾರೆ. ಜೈನರಿಗೆ ಕರ್ಮವು ಜೀವಕ್ಕೆ ನಿಜವಾಗಿಯೇ ಅಂಟುವ ಸೂಕ್ಷ್ಮದ್ರವ್ಯ. ಅದನ್ನು ತಪಸ್ಸಿನಿಂದ ಉದುರಿಸಬೇಕು. ಕಡೂರಿನ ಶಾಸನವೊಂದು ಹೇಳುವ, ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲನ್ನು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ಮುಡಿಪಿದ ಸಂಗತಿ ಈ ನಂಬಿಕೆಯ ನೆಲೆಯಲ್ಲಿ ಸಂಪೂರ್ಣ ಅರ್ಥವಾಗುತ್ತದೆ. ಅದ್ವೈತಿಯಾದರೋ ಆ ಮೂವತ್ತು ವರ್ಷಗಳ ತಪಸ್ಸನ್ನೂ ಕರ್ಮದ ಪಟ್ಟಿಗೇ ಸೇರಿಸುತ್ತಾನೆ, ಚಿತ್ತಶುದ್ಧಿಗೆ ಅದಕ್ಕಿಂತ ಮಿಗಿಲಾದದ್ದು ಅಪರೂಪವೆಂದು ಒಪ್ಪಿಕೊಂಡೇ.