ಹಾರ ಬಿಡಿಸಿ ಕೊಟ್ಟ ಆಚಾರ್ಯ

27994681ನ್ನು 441ರಿಂದ ಗುಣಿಸಬೇಕು. ನೋಡಿದರೇ ಬೇಸರ ಬರುವಂಥ ಲೆಕ್ಕ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಗುಣಾಕಾರ ಕಲಿಯುವವರಿಗೆಂದು ಇದು ಬರುತ್ತದೆ. ಪಟ್ಟುಹಿಡಿದು ಮುಗಿಸಿದವರಿಗೆ ಸಿಗುವ ಉತ್ತರ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಅಂಕಿಗಳು. ಯಾವ ತುದಿಯಿಂದ ಓದಿದರೂ ಅದೇ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಆತ ಕೊರಳ ಹಾರವಾಗಿ ಕಂಡ.

ಹಾರ ಪೋಣಿಸುವುದೇನೋ ಸುಲಭ. 111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸುತ್ತ ಆರು ಸಲ ಬರೆಯುತ್ತೇವೆ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು ಒಂದುಗಳು, ನಡುವಿನಲ್ಲಿ ಆರು, ಆಮೇಲೆ ಇಳಿಮುಖ. ಎಲ್ಲೂ ಮೊತ್ತ ಒಂಬತ್ತನ್ನು ದಾಟದಿರುವುದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದು ನಡೆಯುತ್ತದೆ. ಹತ್ತಾದರೆ ನಡುವೆ ದಶಕ ನುಗ್ಗಿ 1234567900987654321 ಆಗುತ್ತದೆ, ಅಂದ ಕೆಡುತ್ತದೆ.

ಆಚಾರ್ಯನ ಜಾಣ್ಮೆ ಇರುವುದು ಹಾರವನ್ನು ಬಿಡಿಸುವುದರಲ್ಲಿ. 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಒಂದೊಂದೂ ಎರಡೆರಡು ಸಲ ಇರುತ್ತದೆ. 1001, 111 ಎಂದು ಒಡೆದು ವರ್ಗ ಮಾಡಿದ್ದರೆ ಬರುತ್ತಿದ್ದದ್ದು 1002001 ಮತ್ತು 12321. ಅವುಗಳನ್ನು ಕೊಟ್ಟರೆ ಚುರುಕಾದ ಹುಡುಗ ಲೆಕ್ಕ ಮಾಡುವ ಮೊದಲೇ ಗುಟ್ಟು ಹಿಡಿದುಬಿಡುತ್ತಾನೆ! ಗ್ರಂಥದಲ್ಲಿರುವ ವಿಂಗಡಣೆಯೇ ಬೇರೆ: ಮೂರು, ಏಳು ಒಂದು ಕಡೆ ಸೇರಿ 21, ಉಳಿದ ಮೂರೂ ಇನ್ನೊಂದು ಕಡೆ ಸೇರಿ 5291. ಮೊದಲಿನದರ ವರ್ಗ 441, ಎರಡನೆಯದರ ವರ್ಗ 27994681. ಎರಡರ ಮುಖದಲ್ಲೂ ಹಾರದ ಸುಳಿವಿಲ್ಲ. ನನಗೆ ಇಡೀ ಲೆಕ್ಕದಲ್ಲಿ ಮೆಚ್ಚುಗೆಯಾಗುವುದು ಈ ಆಯ್ಕೆಯೇ.

ಅದೇ ಸರಣಿಯಲ್ಲಿ 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ಬರುತ್ತವೆ. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು. ಎಂಟನ್ನು ಬಿಟ್ಟ ಈ ಸಂಖ್ಯೆ ಇಂದಿಗೂ ಮಕ್ಕಳ ಗಣಿತ ವಿನೋದಗಳಲ್ಲಿ ಕಾಣುತ್ತದೆ.

ಕಾಗದ ಪೆನ್ಸಿಲ್ ಹಿಡಿದು ಮಾಡಲು ಎಲ್ಲಕ್ಕಿಂತ ಸೊಗಸಾದದ್ದು 142857143 ಗುಣಿಸು 7. ಬಲದಿಂದ ಹೊರಡಿ. ಏಳು ಮೂರಲಿ ಇಪ್ಪತ್ತೊಂದು: ಒಂದು ಬರೆದು ಕೈಯಲ್ಲಿ ಎರಡು. ಏಳು ನಾಲ್ಕಲಿ ಇಪ್ಪತ್ತೆಂಟು, ಎರಡು ಸೇರಿ ಮೂವತ್ತು: ಸೊನ್ನೆ, ಕೈಯಲ್ಲಿ ಮೂರು. ಏಳು ಒಂದಲಿ ಏಳು, ಮೂರು ಸೇರಿ ಹತ್ತು: ಮತ್ತೆ ಸೊನ್ನೆ. ಮುಂದೆ ಐವತ್ತು, ನಲವತ್ತು, ಅರವತ್ತು, ಇಪ್ಪತ್ತು, ಮೂವತ್ತು. ಕೈಯಲ್ಲಿ ಉಳಿದದ್ದು ಪ್ರತಿ ಸಲವೂ ಮುಂದಿನ ಅಂಕಿಯ ಲೆಕ್ಕವನ್ನು ಹತ್ತರ ಮಗ್ಗಿಗೇ ತಂದು ನಿಲ್ಲಿಸುತ್ತದೆ. ಕೊನೆಯ ಒಂದಕ್ಕೆ ಏಳು, ಕೈಯಲ್ಲಿದ್ದ ಮೂರು ಸೇರಿ ಹತ್ತು. ಉತ್ತರ 1000000001.