ವರ್ತಕನ ಸೈಬರ್ ಶಿಕ್ಷಣ: ತಪ್ಪು ಕಲ್ಪನೆ ಮತ್ತು ಸತ್ಯ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯಿಂದ ಮೊದಲ್ಗೊಂಡು ಬ್ಯಾಡಗಿಯ ಮೆಣಸಿನಕಾಯಿ ಮಂಡಿಯವರೆಗೆ, ಲೆಕ್ಕವು ಟ್ಯಾಲಿಯಲ್ಲಿಯೂ ತೆರಿಗೆಯು ಜಿಎಸ್‌ಟಿ ಪೋರ್ಟಲಿನಲ್ಲಿಯೂ ಹಣದ ಕೊಡುಕೊಳ್ಳುವಿಕೆಯು ಮೊಬೈಲಿನಲ್ಲಿಯೂ ನಡೆಯುತ್ತಿರುವ ಈ ಕಾಲದಲ್ಲಿ, ಆ ವ್ಯವಹಾರವನ್ನು ಕಾಪಾಡಿಕೊಳ್ಳುವ ವಿದ್ಯೆಯೊಂದನ್ನು ಮಾತ್ರ ನಮ್ಮ ಸಣ್ಣ ಉದ್ಯಮಿಗಳಲ್ಲಿ ಅನೇಕರು ಪರರ ಸ್ವತ್ತೆಂದು ಬಗೆದು ದೂರವಿರಿಸಿದ್ದಾರೆ. ಈ ಔದಾಸೀನ್ಯದ ಮೂಲದಲ್ಲಿರುವುವು ಬಾಯಿಂದ ಬಾಯಿಗೆ ಹರಿದುಬಂದ ಕೆಲವು ತಪ್ಪು ಕಲ್ಪನೆಗಳು. ಅವುಗಳಲ್ಲಿ ಮುಖ್ಯವಾದುವನ್ನು ಇಲ್ಲಿ ಪರಿಶೀಲಿಸುವುದು ಉಚಿತ.

“ನಾವು ಸಣ್ಣವರು, ನಮ್ಮಲ್ಲಿ ಕದಿಯುವುದಕ್ಕೆ ಏನಿದೆ?” ಎಂಬುದು ಮೊದಲನೆಯದು. ಚೋರನು ಸಿರಿವಂತರನ್ನು ಹೆಸರು ಹಿಡಿದು ಹುಡುಕುತ್ತಾನೆಂಬ ಊಹೆಯ ಮೇಲೆ ಈ ಸಮಾಧಾನವು ನಿಂತಿದೆ. ಆದರೆ ಸೈಬರ್ ದಾಳಿಗಳಲ್ಲಿ ಬಹುಪಾಲು, ಬೀದಿಯ ಮನೆಗಳ ಕದವನ್ನು ಒಂದೊಂದಾಗಿ ತಳ್ಳಿನೋಡುವ ಕಳ್ಳನಂತೆ, ಅಗುಳಿ ಹಾಕದ ಕಂಪ್ಯೂಟರನ್ನು ಯಂತ್ರದ ಮೂಲಕವೇ ಅರಸುತ್ತವೆ. 2017ರ ಮೇ ತಿಂಗಳಲ್ಲಿ ಕೆಲವೇ ದಿನಗಳೊಳಗೆ 150 ದೇಶಗಳಿಗೆ ವ್ಯಾಪಿಸಿ, ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಒತ್ತೆಹಣ ಕೇಳಿದ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು, ಕಂಪ್ಯೂಟರಿನ ಒಡೆಯನು ಯಾರೆಂದು ವಿಚಾರಿಸಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿಯೇ ಮೈಕ್ರೋಸಾಫ್ಟ್ ಒದಗಿಸಿದ್ದ ತಿದ್ದುಪಡಿಯನ್ನು ಹಾಕಿಕೊಂಡಿದ್ದಾರೆಯೋ ಇಲ್ಲವೋ ಎಂಬುದೊಂದೇ ಅದಕ್ಕೆ ಬೇಕಾಗಿದ್ದ ಭೇದ. ಇದಲ್ಲದೆ ಸಣ್ಣವನು ದೊಡ್ಡವನ ಮನೆಗೆ ಹಿಂಬಾಗಿಲಾಗುವುದೂ ಉಂಟು. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಅಪಹೃತವಾದಾಗ, ಚೋರರು ಒಳಹೊಕ್ಕದ್ದು ಆ ಮಳಿಗೆಗಳ ಶೈತ್ಯೀಕರಣದ ಕೆಲಸ ನೋಡುತ್ತಿದ್ದ ಸಣ್ಣ ಗುತ್ತಿಗೆ ಸಂಸ್ಥೆಯೊಂದರಿಂದ ಕದ್ದ ಪಾಸ್‌ವರ್ಡಿನ ಬಲದಿಂದ. ದೊಡ್ಡ ಕಂಪನಿಗಳಿಗೆ ಮಾಲು ಒದಗಿಸುವ ನಮ್ಮ ಕಾರ್ಖಾನೆದಾರರು ಈ ಪ್ರಸಂಗವನ್ನು ಮರೆಯಕೂಡದು.

ಎರಡನೆಯ ಕಲ್ಪನೆಯು ಇದಕ್ಕಿಂತ ಆಳವಾಗಿ ಬೇರೂರಿದೆ: ಇದು ಕಂಪ್ಯೂಟರ್ ಓದಿದವರ ಕೆಲಸ, ಆಂಟಿವೈರಸ್ ಹಾಕಿಸಿದರೆ ಮುಗಿಯಿತು, ಎಂಬುದು. ಸಣ್ಣ ವ್ಯಾಪಾರವನ್ನು ನಿಜವಾಗಿ ಬರಿದುಮಾಡುವ ವಂಚನೆಯ ಸ್ವರೂಪವನ್ನು ನೋಡಿದರೆ ಈ ನಂಬಿಕೆ ನಿಲ್ಲಲಾರದು. ಬಹುಕಾಲದಿಂದ ಕಚ್ಚಾ ಸಾಮಗ್ರಿ ಕಳುಹಿಸುತ್ತಿರುವ ವರ್ತಕನ ಹೆಸರಿನಲ್ಲಿ, ಒಂದಕ್ಷರ ಮಾತ್ರ ವ್ಯತ್ಯಾಸವಿರುವ ವಿಳಾಸದಿಂದ, ಕೆಲವೊಮ್ಮೆ ವಂಚಕರ ವಶವಾದ ಅವನದೇ ವಿಳಾಸದಿಂದ, “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಪೇಮೆಂಟ್ ಹೊಸ ಖಾತೆಗೆ ಹಾಕಿ” ಎಂಬ ಇಮೇಲ್ ಬರುತ್ತದೆ. ಬಿಲ್ಲಿನ ಮೊತ್ತವೂ ಸರಿಯಾಗಿರುತ್ತದೆ, ಮಾತಿನ ಧಾಟಿಯೂ ಪರಿಚಿತವಾಗಿರುತ್ತದೆ. ಆ ಪತ್ರದಲ್ಲಿ ವೈರಸ್ಸೇ ಇಲ್ಲದಿರುವುದರಿಂದ ಆಂಟಿವೈರಸ್ ಅದರಲ್ಲಿ ದೋಷ ಕಾಣದು. ಅದನ್ನು ತಡೆಯಬಲ್ಲವನು ಲೆಕ್ಕದ ಮೇಜಿನ ಮುಂದೆ ಕುಳಿತ ಗುಮಾಸ್ತನೊಬ್ಬನೇ. ಅವನಿಗೆ ಬೇಕಾದ ವಿದ್ಯೆಯೂ, ಖಾತೆ ಬದಲಾಯಿತೆಂದು ಯಾರೇ ತಿಳಿಸಿದರೂ ಆ ಪತ್ರದಲ್ಲಿರುವ ನಂಬರಿಗೆ ಕರೆಮಾಡದೆ, ಮೊದಲಿನಿಂದ ತಮ್ಮ ಪುಸ್ತಕದಲ್ಲಿರುವ ನಂಬರಿಗೆ ಕರೆಮಾಡಿ ವಿಚಾರಿಸಿದ ಹೊರತು ಒಂದು ರೂಪಾಯಿಯನ್ನೂ ಕಳುಹಿಸತಕ್ಕದ್ದಲ್ಲ ಎಂಬ ನಿಯಮವೇ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲವೆಂಬುದು ಕೌಂಟರಿನಲ್ಲಿ ನಿಲ್ಲುವ ಹುಡುಗನಿಗೆ ತಿಳಿದಿರಬೇಕು. ಹಾಗೆಯೇ, ಜಾಲತಾಣದ ವಿಳಾಸದ ಪಕ್ಕದ ಬೀಗದ ಗುರುತು, ನಡುದಾರಿಯಲ್ಲಿ ಮಾತನ್ನು ಯಾರೂ ಓದಲಾರರೆಂಬುದನ್ನು ಮಾತ್ರ ಸೂಚಿಸುತ್ತದೆಯೇ ವಿನಾ ಆಚೆಯಿರುವವನು ಪ್ರಾಮಾಣಿಕನೆಂಬುದನ್ನಲ್ಲ. ಜನರು ಅದನ್ನು ತಪ್ಪಾಗಿ ಗ್ರಹಿಸುತ್ತಿದ್ದುದರಿಂದಲೇ 2023ರಲ್ಲಿ ಕ್ರೋಮ್ ಬ್ರೌಸರ್ ಆ ಗುರುತನ್ನು ಕೈಬಿಟ್ಟಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಈ ಶಿಕ್ಷಣವು ಮಾಲೀಕನಿಂದಲೇ ಆರಂಭವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಂಚಕರು ಮಾಲೀಕನ ಹೆಸರಿನಲ್ಲಿಯೇ “ತುರ್ತು, ಮೀಟಿಂಗಿನಲ್ಲಿದ್ದೇನೆ, ಕೂಡಲೇ ಕಳುಹಿಸು” ಎಂದು ಸಂದೇಶ ಬರೆಯುತ್ತಾರೆ. ಒಡೆಯನನ್ನು ಮರುಪ್ರಶ್ನಿಸುವುದು ಉದ್ಧಟತನವೆಂದು ಕಲಿತ ನೌಕರನು ಭಯದಿಂದ ಕಳುಹಿಸಿಬಿಡುತ್ತಾನೆ. ಹಾಗೆ ಕೇಳುವುದು ತನ್ನ ಹಣವನ್ನು ಕಾಯುವ ಕೆಲಸವೆಂದು ಮಾಲೀಕನೇ ಬಾಯಿಬಿಟ್ಟು ಹೇಳಿರದಿದ್ದಲ್ಲಿ ಯಾವ ತರಬೇತಿಯೂ ಫಲಿಸದು.

ಇಂಥ ಶಿಕ್ಷಣವು ದುಬಾರಿಯೆಂಬುದೂ ನಿಜವಲ್ಲ. ಕೇಂದ್ರ ಸರ್ಕಾರದ ಮಾಹಿತಿ ಸುರಕ್ಷತಾ ಶಿಕ್ಷಣದ ಐಸಿಯಾ ಯೋಜನೆಯು ಸಿ-ಡ್ಯಾಕ್ ಸಂಸ್ಥೆಯ ಮುಖಾಂತರ ಭಾರತೀಯ ಭಾಷೆಗಳಲ್ಲಿ ಕೈಪಿಡಿ, ಭಿತ್ತಿಪತ್ರ, ಚಿತ್ರಪ್ರದರ್ಶಿಕೆಗಳನ್ನು ಉಚಿತವಾಗಿ ಒದಗಿಸುತ್ತದೆ. ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಕಂಪ್ಯೂಟರನ್ನು ಶೋಧಿಸಿ ಶುಚಿಗೊಳಿಸುವ ಸಾಧನಗಳನ್ನು ಹಣ ಪಡೆಯದೆ ಕೊಡುತ್ತಿದೆ. ನಮ್ಮ ರಾಜ್ಯ ಸರ್ಕಾರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಳಿಸಿದ ಸೈಸೆಕ್ ಎಂಬ ಸೈಬರ್ ಭದ್ರತಾ ಕೇಂದ್ರವೂ ಜಾಗೃತಿಯ ಕಾರ್ಯದಲ್ಲಿ ತೊಡಗಿದೆ. ಸಾವಿರಾರು ರೂಪಾಯಿ ಶುಲ್ಕದ ಪ್ರಮಾಣಪತ್ರಗಳು ಈ ಕ್ಷೇತ್ರದಲ್ಲಿ ಉದ್ಯೋಗ ಅರಸುವವರಿಗೆ ಸಲ್ಲತಕ್ಕವು. ಅಂಗಡಿಗೆ ಅವು ಬೇಕಾಗಿಲ್ಲ. ಕೊರತೆಯಿರುವುದು ಈ ಸಾಮಗ್ರಿಯನ್ನು ಗುಮಾಸ್ತನ ಮೇಜಿನವರೆಗೆ ತಲುಪಿಸುವವರದು. 1949ರಲ್ಲಿ ಸ್ಥಾಪಿತವಾದ ಕಾಸಿಯಾದಂತಹ ಸಣ್ಣ ಕೈಗಾರಿಕಾ ಸಂಘಗಳೂ, ಊರೂರಿನ ವರ್ತಕರ ಸಂಘಗಳೂ ತಮ್ಮ ಸಭೆಗಳಲ್ಲಿ ಇದಕ್ಕೆ ಒಂದು ಗಂಟೆಯನ್ನು ಮೀಸಲಿಟ್ಟರೆ ದೊಡ್ಡ ಉಪಕಾರವಾದೀತು.

ಒಮ್ಮೆ ಕಲಿತರೆ ಸಾಕೆಂಬುದೂ ಸಲ್ಲದು, ಏಕೆಂದರೆ ತಜ್ಞರ ಉಪದೇಶವೇ ಬದಲಾಗುತ್ತದೆ. ಪಾಸ್‌ವರ್ಡನ್ನು ಆಗಾಗ್ಗೆ ಬದಲಿಸಬೇಕೆಂದು ಹಿಂದೆ ಬೋಧಿಸುತ್ತಿದ್ದರು. ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ಆ ಕಡ್ಡಾಯವನ್ನು ಬಿಡಲು ಹೇಳಿ, ಉದ್ದವಾದ ಪಾಸ್‌ವರ್ಡಿಗೆ ಪ್ರಾಶಸ್ತ್ಯ ಕೊಟ್ಟಿತು.

ಕಡೆಯದು, ಮೋಸಹೋದ ಮೇಲೆ ಮಾಡುವುದೇನೂ ಇಲ್ಲ, ಹೇಳಿಕೊಂಡರೆ ಮಾನ ಹೋಗುವುದೆಂಬ ಭಾವನೆ. ಸತ್ಯವೇನೆಂದರೆ, ಸೈಬರ್ ವಂಚನೆಯ ದೂರಿನ ಸಹಾಯವಾಣಿಯಾದ 1930ಕ್ಕೆ ಕರೆಮಾಡಿದೊಡನೆ ದೂರು ಹಣ ತಲುಪಿದ ಬ್ಯಾಂಕಿಗೆ ಹೋಗಿ, ಅಲ್ಲಿ ಇನ್ನೂ ಉಳಿದಿರುವ ಮೊತ್ತವನ್ನು ತಡೆಹಿಡಿಯುವ ಏರ್ಪಾಡು ಇದೆ. ತಡವಾದಷ್ಟೂ ಹಣ ಕೈಯಿಂದ ಕೈಗೆ ಜಾರುತ್ತದೆ. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಕ್ಕೆ ಸಣ್ಣ ಉದ್ದಿಮೆಗಳಿಗೆ ಆಮೇಲೆ ದೊರೆತದ್ದು ಆ ವರ್ಷದ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶವೇ ಹೊರತು ವಿನಾಯಿತಿಯಲ್ಲ. ಆದಕಾರಣ, ವರ್ತಕ ಮಹಾಶಯರೆ, 1930 ಎಂಬ ಸಂಖ್ಯೆಯನ್ನು ಗಲ್ಲಾಪೆಟ್ಟಿಗೆಯ ಮೇಲಣ ಗೋಡೆಯಲ್ಲಿ ಇಂದೇ ಬರೆಯಿಸಿರಿ. ನಾಳೆ ಬೆಳಗ್ಗೆ ಅಂಗಡಿ ತೆರೆದೊಡನೆ, ಖಾತೆ ಬದಲಾವಣೆಯ ಪತ್ರ ಬಂದಾಗ ಏನು ಮಾಡಬೇಕೆಂಬುದನ್ನು ನಿಮ್ಮ ಗುಮಾಸ್ತನಿಗೆ ನೀವೇ ಹೇಳಿಕೊಡಿರಿ.